ತಂಗ್ಲಂಗ್ ಲಾ ಏರುವ ಬೈಕಿಗೆ ಏನು ಬೇಕು?

ಮನಾಲಿಯಿಂದ ಲೇಹ್‌ಗೆ ಹೊರಟ ಬೈಕ್ ಸವಾರರು ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವುದು ವಾಡಿಕೆ. ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುವ ಅಲ್ಲಿನ ಫಲಕ ಸವಾರರ ನಡುವೆ ಬಹಳ ಪ್ರಸಿದ್ಧ. ತಾಂಡಿ ದಾಟಿದರೆ ಸಿಗುವುದು ಕಣಿವೆಗಳು, ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ರಸ್ತೆಯ ಮೇಲೇ ಹರಿಯುವ ನಾಲಾಗಳು, ಕೊನೆಗೆ 5,300 ಮೀಟರ್ ಎತ್ತರದಲ್ಲಿ ಬೆಟ್ಟ ದಾಟುವ ತಂಗ್ಲಂಗ್ ಲಾ ಘಾಟಿ. ಇಂಥ ದಾರಿಗೆಂದೇ ರಾಯಲ್ ಎನ್‌ಫೀಲ್ಡ್ 2016ರಲ್ಲಿ ‘ಹಿಮಾಲಯನ್’ ಬೈಕನ್ನು ಹೊರತಂದಿತು. 411 ಸಿಸಿಯ ಆ ಗಾಡಿಯ ಜಾಗಕ್ಕೆ 2023ರ ನವೆಂಬರ್‌ನಲ್ಲಿ 452 ಸಿಸಿಯ ಹೊಸ ಹಿಮಾಲಯನ್ ಬಂತು. ಸುಮಾರು 40 ಅಶ್ವಶಕ್ತಿ, 17 ಲೀಟರ್ ಟ್ಯಾಂಕ್, ಪೆಟ್ರೋಲ್ ತುಂಬಿಸಿದಾಗ 196 ಕಿಲೊ ತೂಕ.

ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಸಾಹಸ ಬೈಕುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಹಾಗಿರುವಾಗ 40 ಸಾಕೇ? ಹಿಮಾಲಯದಲ್ಲಂತೂ ಆ 40 ಕೂಡ ಪೂರ್ತಿ ಸಿಗುವುದಿಲ್ಲ.

ಸಮುದ್ರಮಟ್ಟದ ವಾಯುಒತ್ತಡಕ್ಕೆ ಹೋಲಿಸಿದರೆ ತಂಗ್ಲಂಗ್ ಲಾದಲ್ಲಿರುವುದು ಅರ್ಧಕ್ಕಿಂತ ತುಸುವೇ ಹೆಚ್ಚು. ಸಿಲಿಂಡರಿನ ಗಾತ್ರ ಎಲ್ಲಿ ಹೋದರೂ ಅಷ್ಟೇ. ಪಿಸ್ಟನ್ ಗಾಳಿ ಎಳೆಯಲು ಕೆಳಗಿಳಿದಾಗಲೆಲ್ಲ ಒಳಬರುವ ಗಾಳಿಯ ಗಾತ್ರವೂ ಅಷ್ಟೇ, ಆದರೆ ಆ ಗಾಳಿಯೊಳಗಿನ ಆಮ್ಲಜನಕ ಅರ್ಧದಷ್ಟಾಗಿರುತ್ತದೆ. ಪೆಟ್ರೋಲ್ ಎಷ್ಟು ಸುರಿದರೂ ಉರಿಯುವುದು ಆಮ್ಲಜನಕ ಇದ್ದಷ್ಟೇ. ಹಳೆಯ ಕಾರ್ಬ್ಯುರೇಟರ್ ಬೈಕುಗಳಿಗೆ ಇದು ಗೊತ್ತಾಗುತ್ತಿರಲಿಲ್ಲ. ಅವು ಬಯಲುಸೀಮೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಟ್ಟು, ಕಪ್ಪು ಹೊಗೆ ಉಗುಳಿ, ಏದುಸಿರು ಬಿಡುತ್ತಿದ್ದವು. ಫ್ಯೂಯಲ್ ಇಂಜೆಕ್ಷನ್ ಬಂದಮೇಲೆ ಒತ್ತಡವನ್ನು ಅಳೆಯುವ ಸೆನ್ಸರ್ ಇದನ್ನು ಗಮನಿಸಿ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಎಂಜಿನ್ ಹದವಾಗಿ ಓಡುತ್ತದೆ, ಆದರೆ ಇಲ್ಲದ ಆಮ್ಲಜನಕವನ್ನು ಯಾವ ಸೆನ್ಸರೂ ತಂದುಕೊಡಲಾರದು. 40 ಅಶ್ವಶಕ್ತಿಯ ಎಂಜಿನ್ ಅಲ್ಲಿ ಇಪ್ಪತ್ತೆರಡು–ಇಪ್ಪತ್ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಸುಮಾರು 24 ಅಶ್ವಶಕ್ತಿಯ ಹಳೆಯ ಹಿಮಾಲಯನ್ ಅಲ್ಲಿಗೆ ತಲುಪುವಾಗ ಹದಿನಾಲ್ಕರ ಬೈಕಾಗಿರುತ್ತಿತ್ತು. ಹೊಸ ಎಂಜಿನ್ನಿಗೆ ಶಕ್ತಿ ಹೆಚ್ಚಿಸಿದ್ದರ ನಿಜವಾದ ಲಾಭ ಹೆದ್ದಾರಿಗಿಂತ ಇಲ್ಲಿಯೇ ಹೆಚ್ಚು ಎಂದು ನನಗನ್ನಿಸುತ್ತದೆ.

ಹಾಗಾದರೆ ಎಂಜಿನ್ನನ್ನು ಇನ್ನೂ ದೊಡ್ಡದು ಮಾಡಬಹುದಲ್ಲ? ತೂಕ ಬಿಡುವುದಿಲ್ಲ. 1,250 ಸಿಸಿಯ ಬಿಎಂಡಬ್ಲ್ಯು ಜಿಎಸ್ ಸುಮಾರು 250 ಕಿಲೊ ತೂಗುತ್ತದೆ. ಸಾಮಾನು ಹೇರಿದರೆ ಇನ್ನೂ ಹೆಚ್ಚು. ಕೆಸರಿನಲ್ಲಿ, ಉರುಟು ಕಲ್ಲುಗಳ ನಾಲಾದಲ್ಲಿ ಬೈಕು ಬೀಳುವುದು ಅಪರೂಪವೇನಲ್ಲ. ಬಿದ್ದದ್ದನ್ನು ಎತ್ತಬೇಕಾದದ್ದು ಸವಾರನೇ. ಎಂಜಿನ್ನಿಗೆ ಉಸಿರು ಸಾಲದ ಜಾಗದಲ್ಲಿ ಅವನಿಗೂ ಸಾಲದು. ಜಾರುವ ಚಕ್ರವನ್ನು ಹಿಡಿತಕ್ಕೆ ತರಲು, ಇಳಿಜಾರಿನಲ್ಲಿ ನಿಲ್ಲಿಸಲು, ತಿರುವಿನಲ್ಲಿ ಹೊರಳಿಸಲು ಬೇಕಾಗುವ ಬಲವೆಲ್ಲ ತೂಕದ ಜೊತೆಗೇ ಏರುತ್ತದೆ. ನನ್ನ ಮಟ್ಟಿಗೆ, ಕಚ್ಚಾ ಹಾದಿಯ ಬೈಕನ್ನು ಅಳೆಯುವಾಗ ಮೊದಲು ನೋಡಬೇಕಾದ ಅಂಕಿ ಕಿಲೊ, ಅಶ್ವಶಕ್ತಿ ಆಮೇಲೆ. ಈ ದೃಷ್ಟಿಯಿಂದ 196 ಕಿಲೊ ಕೂಡ ಭಾರವೇ. 160 ಕಿಲೊ ಆಸುಪಾಸಿನ ಹೀರೊ ಎಕ್ಸ್‌ಪಲ್ಸ್ 200 ಏರಿದವರಿಗೆ ಈ ವ್ಯತ್ಯಾಸ ಮೊದಲ ಕಲ್ಲಿನಲ್ಲೇ ತಿಳಿಯುತ್ತದೆ. ಆದರೆ ಬೆಂಗಳೂರಿನಿಂದ ಇಬ್ಬರು ಕೂತು, ಡೇರೆ ಕಟ್ಟಿಕೊಂಡು ಸಾವಿರಾರು ಕಿಲೊಮೀಟರ್ ಹೆದ್ದಾರಿ ಸವೆಸಿ ಹಿಮಾಲಯ ತಲುಪಬೇಕೆಂದರೆ 200 ಸಿಸಿ ದಣಿಯುತ್ತದೆ. ನಡು ಗಾತ್ರ ಹುಟ್ಟಿದ್ದು ಈ ಎರಡರ ನಡುವೆ.

ಜಗತ್ತಿನ ಅತಿ ಕಠಿಣ ರ‍್ಯಾಲಿಯಾದ ಡಾಕರ್ ಕೂಡ 2011ರಿಂದ ಬೈಕುಗಳಿಗೆ 450 ಸಿಸಿಯ ಮಿತಿ ಹಾಕಿದೆ. ಅದು ವೇಗಕ್ಕೆ, ಅಪಾಯಕ್ಕೆ ಕಡಿವಾಣ ಹಾಕಲು ತಂದ ನಿಯಮ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಪೂರ್ತಿಗೊಳಿಸಿದ ಮೊದಲ ಭಾರತೀಯರಾದದ್ದು 450 ಸಿಸಿಯ ಕೆಟಿಎಂ ಬೈಕಿನಲ್ಲಿ. ಅವರು 36ನೆಯವರಾಗಿ ಗುರಿ ಮುಟ್ಟಿದರು. ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳಲ್ಲಿ ನಡೆದ ಆ ವರ್ಷದ ರ‍್ಯಾಲಿ 3,600 ಮೀಟರ್‌ಗೂ ಎತ್ತರದ ಉಯೂನಿ ಉಪ್ಪುಬಯಲಿನ ಮೇಲೂ ಹಾದುಹೋಗಿತ್ತು.

ಇನ್ನು ಚಕ್ರ. ಹಿಮಾಲಯನ್‌ನ ಹಿಂದಿನ ರಿಮ್ 17 ಇಂಚು, ಮುಂದಿನದು 21. ಮುಂದಿನದು ಟೈರು ಸೇರಿ ಸುಮಾರು 35 ಸೆಂ.ಮೀ. ತ್ರಿಜ್ಯದ ಚಕ್ರ. ರಸ್ತೆ ಬೈಕುಗಳ 17 ಇಂಚಿನ ಮುಂಚಕ್ರದ ತ್ರಿಜ್ಯ ಸುಮಾರು 30 ಸೆಂ.ಮೀ. ಎದುರಿಗೆ 15 ಸೆಂ.ಮೀ. ಎತ್ತರದ ಕಲ್ಲು ಬಂತೆನ್ನಿ. ಸಣ್ಣ ಚಕ್ರ ಅದನ್ನು ನಿಧಾನವಾಗಿ ಹತ್ತಬೇಕಾದರೆ ತನ್ನ ಮೇಲಿರುವ ಭಾರದ 1.7 ಪಟ್ಟು ಬಲದಿಂದ ಅದನ್ನು ಮುಂದಕ್ಕೆ ತಳ್ಳಬೇಕು. ದೊಡ್ಡದಕ್ಕೆ 1.4 ಪಟ್ಟು ಸಾಕು. ಕಲ್ಲು ಚಕ್ರಕ್ಕೆ ತಗಲುವ ಕೋನ ದೊಡ್ಡ ಚಕ್ರದಲ್ಲಿ ಕಡಿಮೆ ಕಡಿದಾಗಿರುವುದೇ ಇದಕ್ಕೆ ಕಾರಣ. ಐದು ಸೆಂಟಿಮೀಟರಿನ ವ್ಯತ್ಯಾಸ ಬಲದಲ್ಲಿ ಆರನೇ ಒಂದು ಭಾಗ ಉಳಿಸುತ್ತದೆ. ದಿನವಿಡೀ ಕಲ್ಲಿನ ಮೇಲೆ ಸಾಗುವವರ ಮಣಿಕಟ್ಟಿಗೆ ಅದು ಸಣ್ಣ ಉಳಿತಾಯವಲ್ಲ. ದೊಡ್ಡ ಚಕ್ರ ತಿರುಗುವಾಗ ತನ್ನ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ, ಜಲ್ಲಿಯಲ್ಲಿ ನೇರ ನಿಲ್ಲಲು ಇದು ಅನುಕೂಲ. ಘಾಟ್ ರಸ್ತೆಯ ತಿರುವುಗಳಲ್ಲಿ ಬೈಕು ತುಸು ಮೊಂಡಾಗುವುದೂ ಇದೇ ಕಾರಣಕ್ಕೆ.

ಕಲ್ಲು ಹತ್ತಿದ ಚಕ್ರ ಮೇಲೆದ್ದರೂ ಬೈಕಿನ ಮೈ ಏಳಬಾರದು, ಸಸ್ಪೆನ್ಷನ್ನಿನ ಕೆಲಸ ಅದು. ಹೊಸ ಹಿಮಾಲಯನ್‌ನಲ್ಲಿ ಎರಡೂ ಚಕ್ರಗಳು 200 ಮಿ.ಮೀ. ಮೇಲೆ ಕೆಳಗೆ ಆಡಬಲ್ಲವು. ಸ್ಪ್ರಿಂಗ್ ಏಟನ್ನು ನುಂಗುತ್ತದೆ, ಆದರೆ ಬರೀ ಸ್ಪ್ರಿಂಗ್ ನುಂಗಿದ್ದನ್ನು ಹಾಗೇ ಹಿಂದಿರುಗಿಸಿ ಬೈಕನ್ನು ಕುಣಿಸುತ್ತದೆ. ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ. ಕಿರಿದಾದ ರಂಧ್ರಗಳ ಮೂಲಕ ನುಗ್ಗಬೇಕಾಗಿ ಬಂದಾಗ ಅದು ಆ ಚಲನೆಯನ್ನು ಶಾಖವಾಗಿ ಕಳೆಯುತ್ತದೆ. ಅಲೆಅಲೆಯಾದ ಮಣ್ಣಿನ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದಾಗ ಶಾಕ್ ಬಿಸಿಯಾಗಿ, ಎಣ್ಣೆ ತೆಳುವಾಗಿ, ಬೈಕು ತೇಲಾಡತೊಡಗುತ್ತದೆ. ಸವಾರರು ಫುಟ್‌ರೆಸ್ಟ್‌ಗಳ ಮೇಲೆ ಎದ್ದು ನಿಂತು ಓಡಿಸುವುದನ್ನು ನೋಡಿರಬಹುದು. ಅದು ತೋರಿಕೆಗಲ್ಲ. ಮಂಡಿಗಳು ಮಡಚಿ ಬಿಡಿಸಿಕೊಂಡಷ್ಟೂ ಕೆಳಗೆ ಕುಣಿಯುವ ಬೈಕು ಸವಾರನ ಎಪ್ಪತ್ತು ಕಿಲೊ ಮೈಯನ್ನು ಎಳೆದಾಡಬೇಕಾಗುವುದಿಲ್ಲ.

ಬ್ರೇಕಿನ ಕಥೆ ನಮ್ಮ ಅಂದಾಜಿಗೆ ವಿರುದ್ಧ. ಟಾರು ರಸ್ತೆಯಲ್ಲಿ ಪ್ರಾಣ ಉಳಿಸುವ ಎಬಿಎಸ್, ಸಡಿಲ ಜಲ್ಲಿಯಲ್ಲಿ ಬೈಕು ನಿಲ್ಲುವ ದೂರವನ್ನೇ ಹೆಚ್ಚಿಸಬಹುದು. ಚಕ್ರ ತಿರುಗುವುದು ಪೂರ್ತಿ ನಿಂತು ಜಾರಿದರೆ ಅದರ ಮುಂದೆ ಮಣ್ಣು ಜಲ್ಲಿ ಗುಡ್ಡೆಯಾಗಿ ತಡೆ ಒಡ್ಡುತ್ತದೆ. ಎಬಿಎಸ್ ಚಕ್ರವನ್ನು ಹಾಗೆ ನಿಲ್ಲಲು ಬಿಡುವುದಿಲ್ಲ. ಅದಕ್ಕೇ ಇಂಥ ಬೈಕುಗಳಲ್ಲಿ ಹಿಂಚಕ್ರದ ಎಬಿಎಸ್ ಆಫ್ ಮಾಡಲು ಅವಕಾಶ ಇರುತ್ತದೆ. ಮುಂಚಕ್ರದ್ದು ಉಳಿಯಬೇಕು, ಏಕೆಂದರೆ ಅದು ಜಾರಿದರೆ ಹ್ಯಾಂಡಲ್ ಇದ್ದೂ ಇಲ್ಲದಂತೆ.

ಎಲ್ಲಿಗಾದರೂ ಹೋಗಬಲ್ಲ ಬೈಕು ಎಲ್ಲಿಗೂ ಹೋಗಬೇಕೆಂದಿಲ್ಲ ಎಂಬುದನ್ನೂ ಹೇಳಲೇಬೇಕು. ಲಡಾಖ್‌ನ ತ್ಸೊ ಕರ್ ಸರೋವರದ ಸುತ್ತಲಿನ ಜೌಗು ಹುಲ್ಲುಗಾವಲು ಕಪ್ಪು ಕೊರಳಿನ ಕ್ರೌಂಚ ಪಕ್ಷಿಗಳು ಗೂಡು ಕಟ್ಟುವ ಜಾಗ. ಗಿಡ ನಿಧಾನವಾಗಿ ಬೆಳೆಯುವ ಆ ಚಳಿಯಲ್ಲಿ ಟೈರು ಸೀಳಿದ ನೆಲ ವರ್ಷಗಟ್ಟಲೆ ಮಾಯುವುದಿಲ್ಲ. ನಮ್ಮ ಪಶ್ಚಿಮ ಘಟ್ಟದ ಬೋಳುಗುಡ್ಡಗಳ ಹುಲ್ಲಿನಲ್ಲೂ ಅಷ್ಟೇ: ಮಳೆನೀರು ಟೈರಿನ ಗುರುತನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನು ಹೊತ್ತೊಯ್ಯುತ್ತದೆ. ಇರುವ ಹಾದಿ ಬಿಟ್ಟು ಇಳಿಯುವುದನ್ನು ಸಾಹಸ ಎಂದು ನಾನು ಒಪ್ಪಲಾರೆ.

2023ರಲ್ಲಿ ಮಿಲಾನ್‌ನ ಬೈಕ್ ಪ್ರದರ್ಶನದಲ್ಲಿ ರಾಯಲ್ ಎನ್‌ಫೀಲ್ಡ್ ವಿದ್ಯುತ್ ಹಿಮಾಲಯನ್‌ನ ಪ್ರಯೋಗ ಮಾದರಿಯೊಂದನ್ನು ತೋರಿಸಿತು. ವಿದ್ಯುತ್ ಮೋಟರಿಗೆ ಆಮ್ಲಜನಕ ಬೇಡ. ತಂಗ್ಲಂಗ್ ಲಾದ ನೆತ್ತಿಯಲ್ಲೂ ಅದು ಬಯಲಿನಲ್ಲಿದ್ದಷ್ಟೇ ಬಲಶಾಲಿ. ಚಕ್ರ ತಿರುಗುವ ಮೊದಲ ಕ್ಷಣದಿಂದಲೇ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ ಕ್ಲಚ್ ಸುಡುವ ಚಿಂತೆಯೂ ಇಲ್ಲ. ಅಡ್ಡ ಬರುವುದು ಬ್ಯಾಟರಿ. ಒಂದು ಕಿಲೊ ಪೆಟ್ರೋಲಿನಲ್ಲಿ ಸುಮಾರು 12 ಕಿಲೊವ್ಯಾಟ್ ಗಂಟೆಯಷ್ಟು ಶಕ್ತಿಯಿದ್ದರೆ, ಒಂದು ಕಿಲೊ ಲಿಥಿಯಂ ಬ್ಯಾಟರಿಯಲ್ಲಿರುವುದು ಅದರ ಐವತ್ತನೇ ಒಂದು ಭಾಗದ ಆಸುಪಾಸು. ಮೋಟರು ಎಂಜಿನ್ನಿಗಿಂತ ಮೂರು ಪಟ್ಟು ದಕ್ಷ ಎಂದಿಟ್ಟುಕೊಂಡರೂ, ತಾಂಡಿಯಲ್ಲಿ ಟ್ಯಾಂಕಿಗೆ ಇಳಿಯುವ ಹದಿಮೂರು ಕಿಲೊ ಪೆಟ್ರೋಲಿನ ಬದಲಿಗೆ ಇನ್ನೂರು ಕಿಲೊಗೂ ಹೆಚ್ಚು ಬ್ಯಾಟರಿ ಹೊರಬೇಕಾಗುತ್ತದೆ. ಸದ್ಯಕ್ಕೆ ಅದು ಇಡೀ ಹಿಮಾಲಯನ್‌ಗಿಂತ ಭಾರ.