ಗಡಿ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರಾ? ಕೋರ್ಟ್ನಿ-ಕೋಮಾಕ್ಸ್ ಕಥೆ

ಪ್ರಶ್ನೆ: ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2017ರಲ್ಲಿ ಒಂದೇ ಕ್ಷೇತ್ರ ಸರ್ಕಾರವನ್ನೇ ಬದಲಿಸಿತು ಅಂತ ಕೇಳಿದ್ದೇನೆ. ಅದಕ್ಕೆ ಸ್ವಲ್ಪ ಮೊದಲು ಆ ಕ್ಷೇತ್ರದ ಗಡಿ ಬದಲಿಸಿದ್ದರಂತೆ. ಗಡಿ ಬದಲಿಸಿದ್ದಕ್ಕೇ ಫಲಿತಾಂಶ ಬದಲಾಯಿತಾ?

ಉತ್ತರ: ಇಲ್ಲ. ಆದದ್ದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ.

ನೀವು ಕೇಳಿದ ಕ್ಷೇತ್ರ ಕೋರ್ಟ್ನಿ-ಕೋಮಾಕ್ಸ್. ಅದು ಇರುವುದು ವ್ಯಾಂಕೂವರ್ ದ್ವೀಪದ ಪೂರ್ವ ಕರಾವಳಿಯಲ್ಲಿ. ಕೋರ್ಟ್ನಿ ನಗರ, ವಾಯುಪಡೆಯ ನೆಲೆ ಇರುವ ಕೋಮಾಕ್ಸ್ ಪಟ್ಟಣ, ಉತ್ತರಕ್ಕೆ ಬ್ಲ್ಯಾಕ್ ಕ್ರೀಕ್ ಎಲ್ಲಾ 2017ರಲ್ಲಿ ಇದಕ್ಕೇ ಸೇರಿದ್ದವು. ಮೊದಲು ಇದರ ಹೆಸರು ಕೋಮಾಕ್ಸ್ ವ್ಯಾಲಿ. 2015ರ ಮರುವಿಂಗಡಣೆಯಲ್ಲಿ ದಕ್ಷಿಣದ ಕಂಬರ್‌ಲ್ಯಾಂಡ್ ಊರನ್ನೂ ಡೆನ್ಮನ್, ಹಾರ್ನ್‌ಬಿ ದ್ವೀಪಗಳನ್ನೂ ಪಕ್ಕದ ಕ್ಷೇತ್ರಕ್ಕೆ ಕೊಟ್ಟರು. ಕಂಬರ್‌ಲ್ಯಾಂಡ್ ಹಳೇ ಕಲ್ಲಿದ್ದಲು ಗಣಿ ಊರು. 1918ರಲ್ಲಿ ಗುಂಡೇಟಿಗೆ ಬಲಿಯಾದ ಕಾರ್ಮಿಕ ನಾಯಕ ಜಿಂಜರ್ ಗುಡ್ವಿನ್ ಅವರ ಸಮಾಧಿ ಇರುವುದು ಇಲ್ಲೇ. ಇಂಥ ಊರು ಎಡಕ್ಕೆ ವಾಲುವುದು ಸಹಜ, ಅಲ್ವಾ? ಅಂದರೆ ಹೊಸ ಗೆರೆಯಿಂದ ನಷ್ಟವಾಗಿದ್ದು ಎಡಪಂಥೀಯ ಎನ್‌ಡಿಪಿಗೆ (ನ್ಯೂ ಡೆಮಾಕ್ರಟಿಕ್ ಪಾರ್ಟಿ). ಆದರೂ 2017ರಲ್ಲಿ ಗೆದ್ದಿದ್ದು ಅದೇ ಪಕ್ಷ.

ಈ ಗೆರೆ ಎಳೆದದ್ದು ಯಾವ ಪಕ್ಷವೂ ಅಲ್ಲ. ಎರಡು ಚುನಾವಣೆಗೊಮ್ಮೆ ಮೂವರ ಆಯೋಗ ಕೂರುತ್ತದೆ. ಒಬ್ಬ ನ್ಯಾಯಾಧೀಶರು, ಮುಖ್ಯ ಚುನಾವಣಾಧಿಕಾರಿ, ಸ್ಪೀಕರ್ ಸೂಚಿಸಿದ ಇನ್ನೊಬ್ಬರು. ಆ ಇನ್ನೊಬ್ಬರು ಎಂಎಲ್‌ಎ ಆಗಿರುವಂತಿಲ್ಲ. ಒಂದು ಕ್ಷೇತ್ರದ ಜನಸಂಖ್ಯೆ ಸರಾಸರಿಗಿಂತ ಶೇ 25ಕ್ಕಿಂತ ಜಾಸ್ತಿ ಆಚೀಚೆ ಆಗಬಾರದು. ತೀರಾ ವಿಶೇಷ ಸಂದರ್ಭದಲ್ಲಿ ಮಾತ್ರ ವಿನಾಯಿತಿ. ಈ ಪದ್ಧತಿ ನನಗೆ ತುಂಬಾ ಹಿಡಿಸುತ್ತದೆ. ಸೋತವರು ಗೆರೆಯನ್ನು ಬೈಯಬಹುದು, ಎಳೆದವರ ನಿಯತ್ತನ್ನು ಅನುಮಾನಿಸುವುದು ಕಷ್ಟ.

ಇನ್ನು ಆ ಎಣಿಕೆಯ ವಿಷಯ. 2017ರ ಮೇ 9ರ ರಾತ್ರಿ ಎನ್‌ಡಿಪಿಯ ರೋನಾ-ರೇ ಲೆನರ್ಡ್ ಬರೀ 9 ಮತಗಳಿಂದ ಮುಂದಿದ್ದರು. ಎದುರಿಗಿದ್ದವರು ಆಗ ಅಧಿಕಾರದಲ್ಲಿದ್ದ, ಬಲಕ್ಕೆ ವಾಲುವ ಲಿಬರಲ್ ಪಕ್ಷದ ಜಿಮ್ ಬೆನಿಂಜರ್, ಅದೇ ಕೋಮಾಕ್ಸ್ ವಾಯುನೆಲೆಯ ಮಾಜಿ ಕಮಾಂಡರ್. ಪ್ರಾಂತ್ಯದ 87 ಸೀಟುಗಳಲ್ಲಿ ಲಿಬರಲ್‌ಗೆ 43, ಎನ್‌ಡಿಪಿಗೆ 41, ಗ್ರೀನ್ ಪಕ್ಷಕ್ಕೆ 3. ಬಹುಮತಕ್ಕೆ ಬೇಕಿದ್ದದ್ದು 44. ಈ ಒಂದು ಕ್ಷೇತ್ರ ಕೈ ಬದಲಾಯಿಸಿದ್ದರೆ ಲಿಬರಲ್‌ಗೆ ಯಾರ ಹಂಗೂ ಬೇಕಿರಲಿಲ್ಲ.

ಮರುಎಣಿಕೆ ಮಾಡಿದಾಗ ಅಂತರ 13 ಆಯಿತು. ಆಮೇಲೆ ಉಳಿದಿದ್ದು ತಮ್ಮ ಮತಗಟ್ಟೆ ಬಿಟ್ಟು ಬೇರೆ ಕಡೆ ಹಾಕಿದ ಮತಗಳು. ಅಲ್ಲಿ ಬೇರೆ ಕ್ಷೇತ್ರದಲ್ಲಿದ್ದರೂ ನಿಮ್ಮ ಕ್ಷೇತ್ರಕ್ಕೇ ಮತ ಹಾಕಬಹುದು. ಆ ಲಕೋಟೆ ನಿಮ್ಮ ಕ್ಷೇತ್ರಕ್ಕೆ ಬರಬೇಕು, ಒಬ್ಬರೇ ಎರಡು ಸಲ ಹಾಕಿಲ್ಲ ಅಂತ ನೋಡಬೇಕು, ಆಮೇಲಷ್ಟೇ ಎಣಿಕೆ. ಹಾಗಾಗಿ ಅಂತಿಮ ಎಣಿಕೆ ಶುರುವಾಗಿದ್ದು ಮೇ 22ಕ್ಕೆ. ಇಡೀ ಪ್ರಾಂತ್ಯ ಕೋರ್ಟ್ನಿ ಕಡೆ ಮುಖ ಮಾಡಿ ಕೂತಿತ್ತು. ಮೇ 24ಕ್ಕೆ ಕೊನೆಯ ಅಂಕಿ ಬಂತು: ಲೆನರ್ಡ್ 189 ಮತಗಳಿಂದ ಗೆದ್ದಿದ್ದರು.

ಗೆರೆಗಿಂತ ದೊಡ್ಡ ಕಾರಣ ಮತ ಹಂಚಿಹೋದದ್ದು ಅಂತ ನನಗನಿಸುತ್ತದೆ. ಕನ್ಸರ್ವೇಟಿವ್ ಅಭ್ಯರ್ಥಿಗೆ ಎರಡು ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ಅದರಲ್ಲಿ ಒಂದಷ್ಟು ಬೆನಿಂಜರ್‌ಗೆ ಹೋಗಿದ್ದರೂ ಕಥೆಯೇ ಬೇರೆ. ಎಡದ ಕಡೆಯೂ ಗ್ರೀನ್ ಪಕ್ಷ ಐದು ಸಾವಿರದಷ್ಟು ಮತ ಪಡೆದಿತ್ತು, ಅದನ್ನೂ ಮರೆಯಬಾರದು.

ಮುಂದೆ ಆದದ್ದು ಇಷ್ಟು. ಎನ್‌ಡಿಪಿ, ಗ್ರೀನ್ ಕೈಜೋಡಿಸಿದವು. ಜೂನ್ 29ರಂದು ಲಿಬರಲ್ ಪಕ್ಷದ ಕ್ರಿಸ್ಟಿ ಕ್ಲಾರ್ಕ್ ಸರ್ಕಾರ 44-42ರಿಂದ ವಿಶ್ವಾಸಮತ ಕಳೆದುಕೊಂಡಿತು. ಜುಲೈ 18ರಂದು ಎನ್‌ಡಿಪಿಯ ಜಾನ್ ಹೊರ್ಗನ್ ಪ್ರೀಮಿಯರ್, ಅಂದರೆ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥ, ಆದರು.

ಸರ್ಕಾರ ಯಾರದ್ದು ಅಂತ ಈ ಕಣಿವೆಯ ಮತ ನೋಡಿಯೇ ಹೇಳಬಹುದಿತ್ತು. 1991 ಮತ್ತು 1996ರಲ್ಲಿ ಎನ್‌ಡಿಪಿ, 2001ರಿಂದ 2013ರವರೆಗೆ ಲಿಬರಲ್, 2017 ಮತ್ತು 2020ರಲ್ಲಿ ಮತ್ತೆ ಎನ್‌ಡಿಪಿ. ಇಲ್ಲಿ ಗೆದ್ದ ಪಕ್ಷವೇ ಪ್ರತಿ ಸಲ ಕೊನೆಗೆ ಸರ್ಕಾರ ನಡೆಸಿತು. 2024ರಲ್ಲಿ ಮಾತ್ರ ಕನ್ಸರ್ವೇಟಿವ್ ಪಕ್ಷದ ಬ್ರೆನನ್ ಡೇ ಇಲ್ಲಿ ಗೆದ್ದರು, ಅಧಿಕಾರ ಎನ್‌ಡಿಪಿಯಲ್ಲೇ ಉಳಿಯಿತು.