ಬಾಣ ಯಾವ ಕಡೆಗೆ?

ಪ್ರಶ್ನೆ: ಮಗಳು ಐದನೇ ತರಗತಿ. ಆಹಾರ ಸರಪಳಿ ಬರೆಯುವಾಗ ಬಾಣದ ಗುರುತನ್ನು ಪ್ರತಿ ಸಲ ಉಲ್ಟಾ ಹಾಕುತ್ತಾಳೆ. ಎಷ್ಟು ತಿದ್ದಿದರೂ ಅಷ್ಟೇ. ಹೇಗೆ ಹೇಳಿಕೊಡಲಿ?

ಉತ್ತರ: ಇದರಲ್ಲಿ ಅವಳ ತಪ್ಪೇನೂ ಇಲ್ಲ. ನಾವು ‘ಮಿಡತೆ ಹುಲ್ಲನ್ನು ತಿನ್ನುತ್ತದೆ’ ಅಂತ ಹೇಳಿಕೊಡುತ್ತೇವೆ. ಮೊದಲು ಮಿಡತೆ, ಆಮೇಲೆ ಹುಲ್ಲು. ಮಗು ಕೇಳಿದ ಹಾಗೇ ಬರೆಯುತ್ತದೆ, ಅಲ್ವಾ? ಆದರೆ ಯಾರು ಯಾರನ್ನು ಹಿಡಿದರು ಅನ್ನುವುದು ಬಾಣದ ಕೆಲಸವಲ್ಲ. ಊಟ ಯಾರ ಹೊಟ್ಟೆ ಸೇರಿತು, ಅದರ ಜೊತೆ ಶಕ್ತಿ ಎಲ್ಲಿಗೆ ಹೋಯಿತು ಅಂತ ಅದು ತೋರಿಸುತ್ತದೆ.

ಹಾಗಾಗಿ ವಾಕ್ಯವನ್ನೇ ಬದಲಿಸಿ. ‘ಹುಲ್ಲು ಮಿಡತೆಗೆ, ಮಿಡತೆ ಕಪ್ಪೆಗೆ, ಕಪ್ಪೆ ಹಾವಿಗೆ, ಹಾವು ಹದ್ದಿಗೆ.’ ಬಾಯಲ್ಲಿ ಹೇಳುತ್ತಾ ಬರೆಯಲಿ. ‘ಗೆ’ ಎಲ್ಲಿದೆಯೋ ಬಾಣದ ಮೊನೆ ಅಲ್ಲಿ. ಎರಡು ದಿನ ಹೀಗೆ ಮಾಡಿಸಿದರೆ ಸಾಕು, ಕೈ ತಾನೇ ತಿರುಗುತ್ತದೆ.

‘ಶಕ್ತಿ ಹೋಗುತ್ತದೆ’ ಅನ್ನುವುದು ಮಕ್ಕಳಿಗೆ ಸುಮ್ನೆ ಒಂದು ಮಾತು. ಅದನ್ನು ನೀರಿನಲ್ಲಿ ತೋರಿಸಿ. ಒಂದು ಲೀಟರ್ ನೀರು ಹುಲ್ಲು ಅಂದುಕೊಳ್ಳಿ. ಅದರಲ್ಲಿ 100 ಮಿಲಿಲೀಟರ್ ಮಿಡತೆಯ ಲೋಟಕ್ಕೆ. ಅದರಿಂದ 10 ಮಿಲಿಲೀಟರ್ ಕಪ್ಪೆಗೆ, 1 ಮಿಲಿಲೀಟರ್ ಹಾವಿಗೆ. ಹದ್ದಿನ ಪಾಲಿಗೆ ಎರಡು ಹನಿ! ಹತ್ತರಲ್ಲಿ ಒಂದು ಪಾಲು ಅನ್ನುವುದು ಒಂದು ಅಂದಾಜು, ನಿಜದಲ್ಲಿ ಹೆಚ್ಚುಕಮ್ಮಿ ಇರುತ್ತದೆ. ಮಿಕ್ಕ ಶಕ್ತಿ ಓಡಾಟಕ್ಕೆ, ಉಸಿರಾಟಕ್ಕೆ ಖರ್ಚಾಗಿ ಬಿಸಿಯಾಗಿ ಹೋಗುತ್ತದೆ. ಒಂದಷ್ಟು ಜೀರ್ಣವಾಗದೆ ಹೊರಬೀಳುತ್ತದೆ. ಈ ಸೋರಿಕೆಯ ಲೆಕ್ಕವನ್ನು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಒಂದು ಪುಟ್ಟ ಸರೋವರದಲ್ಲಿ ಹಾಕಿದ್ದರು, 1942ರಲ್ಲಿ ಅದು ಪ್ರಕಟವಾಯಿತು. ಮಿಡತೆಗಳು ಸಾವಿರಾರು ಇದ್ದ ಕಡೆ ಹದ್ದು ಒಂದೋ ಎರಡೋ ಯಾಕೆ ಅಂತ ಆ ಎರಡು ಹನಿ ನೋಡಿದ ಮಗುವಿಗೆ ನೀವು ಹೇಳಬೇಕಾಗಿಲ್ಲ.

ಆಮೇಲೆ ಆಹಾರ ಜಾಲ, ಅಂದರೆ ಒಂದಕ್ಕೊಂದು ಹೆಣೆದುಕೊಂಡ ಹಲವು ಸರಪಳಿಗಳು. ಬೇರೆ ಹಾಳೆ ಬೇಡ. ಕಪ್ಪೆ ನೊಣವನ್ನೂ ಎರೆಹುಳುವನ್ನೂ ತಿನ್ನುತ್ತದೆ. ಮಿಡತೆ ಹಲ್ಲಿಗೂ ಹಕ್ಕಿಗೂ ಊಟ. ಅದೇ ಚಿತ್ರಕ್ಕೆ ಬಾಣ ಸೇರಿಸುತ್ತಾ ಹೋಗಿ. ಹಾಳೆ ಗಿಜಿಗಿಜಿ ಆದಷ್ಟೂ ಒಳ್ಳೆಯದು, ಪುಸ್ತಕದ ಚಿತ್ರಗಳು ನನ್ನ ಪ್ರಕಾರ ಜಾಸ್ತಿಯೇ ಅಚ್ಚುಕಟ್ಟು.

ಕೊನೆಗೆ ಹದ್ದಿನಿಂದ ಬಾಣ ಎಲ್ಲಿಗೆ ಅಂತ ಕೇಳಿ. ‘ಎಲ್ಲಿಗೂ ಇಲ್ಲ, ಅದನ್ನು ಯಾರು ತಿಂತಾರೆ?’ ಅಂದಾಳು. ಸತ್ತ ಹದ್ದು ಬ್ಯಾಕ್ಟೀರಿಯಾಕ್ಕೆ, ಬೂಷ್ಟಿಗೆ. ಬೂಷ್ಟಿಗೆ ಹೊಟ್ಟೆ ಎಲ್ಲಿದೆ ಅಂತ ಕೇಳಿದರೆ ಹೇಳಿ: ಹೊಟ್ಟೆ ಇಲ್ಲ, ಅದು ಊಟವನ್ನು ಮೈಯ ಹೊರಗೇ ಕರಗಿಸಿ ಹೀರಿಕೊಳ್ಳುತ್ತದೆ.