ಬೋಸ್ಟನ್ ಸಿಟ್ಟಾಯಿತು, ಲಂಡನ್ ಯಾಕೆ ಆಗಲಿಲ್ಲ? ವಲಸಿಗರ ಬಗ್ಗೆ ಬ್ರಿಟನ್ನಿನ ಮನಸ್ಸಿನ ಕಥೆ

2016ರ ಜೂನ್‌ನಲ್ಲಿ ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಓಟು ಹಾಕಿದರು. ಬಿಡಬೇಕು ಅಂದ ಎಷ್ಟೋ ಜನರ ತಲೆಯಲ್ಲಿದ್ದದ್ದು ವಲಸೆಯ ವಿಷಯ. ಹಾಗಾದರೆ ಹೊರದೇಶದವರು ಎಲ್ಲಿ ಜಾಸ್ತಿ ಇದ್ದಾರೋ ಅಲ್ಲೇ ಸಿಟ್ಟೂ ಜಾಸ್ತಿ ಇರಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. ಲಂಡನ್ನಿನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಅಲ್ಲಿ ನೂರಕ್ಕೆ 60 ಮಂದಿ ಒಕ್ಕೂಟದಲ್ಲೇ ಇರೋಣ ಅಂದರು. ಲಿಂಕನ್‌ಶೈರ್‌ನ ಬೋಸ್ಟನ್ ಎಂಬ ಸಣ್ಣ ಊರಿನಲ್ಲಿ ಹೊರಗಿನವರು ನೂರಕ್ಕೆ ಸುಮಾರು 15. ಅಲ್ಲಿ ನೂರಕ್ಕೆ 75.6 ಮಂದಿ ಬಿಡೋಣ ಅಂದರು. ಇಡೀ ದೇಶದಲ್ಲೇ ಅದು ಅತಿ ಹೆಚ್ಚು.

ಲಂಡನ್ನಿನವರು ಒಳ್ಳೆಯವರು, ಬೋಸ್ಟನ್ನಿನವರು ಕೆಟ್ಟವರು ಅಂತ ಸುಮ್ನೆ ಹೇಳಿ ಮುಗಿಸಬಹುದು. ಎಷ್ಟೋ ಜನ ಹಾಗೇ ಮುಗಿಸಿದರು ಕೂಡ. ಆದರೆ ಬ್ರಿಟನ್ನಿನ ಎಪ್ಪತ್ತು ವರ್ಷಗಳ ಕಥೆ ನೋಡಿದರೆ ಬೇರೆಯದೇ ಕಾಣುತ್ತದೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಎಷ್ಟು ಬೇಗ ಬಂದರು, ಆಗ ಊರಲ್ಲಿ ಮನೆ ಮಠದ ಸ್ಥಿತಿ ಹೇಗಿತ್ತು, ಅದಕ್ಕೆಲ್ಲ ಇವರೇ ಕಾರಣ ಅಂತ ಬೆರಳು ತೋರಿಸಿದವರು ಯಾರು ಎನ್ನುವುದೇ ಜನರ ಮನಸ್ಸನ್ನು ಹೆಚ್ಚು ತಿರುಗಿಸಿದೆ.

1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗು ಜಮೈಕಾ ಕಡೆಯ ನೂರಾರು ಜನರನ್ನು ಹೊತ್ತು ಲಂಡನ್ ಹತ್ತಿರದ ಟಿಲ್‌ಬರಿ ಬಂದರಿನಲ್ಲಿ ಇಳಿಸಿತು. ಅದೇ ವರ್ಷದ ಪೌರತ್ವ ಕಾನೂನು ವಸಾಹತುಗಳ ಜನರಿಗೂ ಕಾಮನ್‌ವೆಲ್ತ್‌ನವರಿಗೂ ಬ್ರಿಟನ್ನಿಗೆ ಬಂದು ನೆಲೆಸುವ ಹಕ್ಕನ್ನು ಖಚಿತಪಡಿಸಿತು. ಯುದ್ಧ ಮುಗಿದಿತ್ತು, ಬಸ್ಸು, ಆಸ್ಪತ್ರೆ, ಫೌಂಡ್ರಿ ಎಲ್ಲ ಕಡೆ ಕೈಗಳು ಬೇಕಿದ್ದವು. ಕೆಲಸಕ್ಕೆ ಕರೆದವರು ಇವರೆಲ್ಲ ಎಲ್ಲಿ ಇರುತ್ತಾರೆ ಅಂತ ಯೋಚಿಸಲಿಲ್ಲ. ಬಾಂಬ್ ಬಿದ್ದ ಊರುಗಳಲ್ಲಿ ಬಿಳಿಯರಿಗೇ ಮನೆ ಸಾಲದು. 1958ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲೂ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲೂ ಗಲಭೆ ಆಯಿತು.

ಸರ್ಕಾರ 1962ರಲ್ಲಿ ಬಾಗಿಲು ಅರ್ಧ ಮುಚ್ಚಿತು. ಅದರಿಂದ ಒಂದು ತಮಾಷೆ ಆಯಿತು. ಕಾನೂನು ಬರುತ್ತಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಈಗಲೇ ಹೋಗಿಬಿಡೋಣ ಅಂತ ಜನ ಹಡಗು, ವಿಮಾನ ಹತ್ತಿದರು. ಅಲ್ಲಿಯವರೆಗೆ ದುಡಿದು ವಾಪಸ್ ಬರುತ್ತಿದ್ದ ಪಂಜಾಬಿನ ಗಂಡಸರು, ಇನ್ನು ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಅಂದುಕೊಂಡು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ತಡೆಯಲು ಮಾಡಿದ ಕಾನೂನೇ ಬರುವವರನ್ನು ಹೆಚ್ಚಿಸಿತು.

ಇದರ ಫಲ ಹತ್ತಿರದಿಂದ ಕಾಣುವುದು ಸ್ಮೆದಿಕ್‌ನಲ್ಲಿ. ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡ ಕಾರ್ಖಾನೆ ಊರು ಅದು. ಕಾದ ಲೋಹದ ಮುಂದೆ ನಿಲ್ಲುವ ಫೌಂಡ್ರಿ ಕೆಲಸವನ್ನು ಪಂಜಾಬಿಗಳು ಹಿಡಿದಿದ್ದರು. ಕಾರ್ಖಾನೆಯಲ್ಲಿ ಅವರು ಬೇಕು, ಬೀದಿಯಲ್ಲಿ ಬೇಡ. 1964ರ ಚುನಾವಣೆಯಲ್ಲಿ ಪೀಟರ್ ಗ್ರಿಫಿತ್ಸ್ ಎಂಬ ಕನ್ಸರ್ವೇಟಿವ್ ಅಭ್ಯರ್ಥಿ ವಲಸೆಯನ್ನೇ ವಿಷಯ ಮಾಡಿಕೊಂಡರು. ಪಕ್ಕದ ಮನೆಗೆ ಕರಿಯ ಬೇಕಾದರೆ ಲೇಬರ್ ಪಕ್ಷಕ್ಕೆ ಓಟು ಹಾಕಿ ಎಂಬ ಅರ್ಥದ ಒಂದು ಘೋಷಣೆ ಊರೆಲ್ಲ ಓಡಾಡಿತು. ಮೂಲದಲ್ಲಿ ಇದ್ದದ್ದು ಇದಕ್ಕಿಂತ ಹೊಲಸು ಬೈಗುಳ. ಅದು ತನ್ನದಲ್ಲ ಅಂದರು ಗ್ರಿಫಿತ್ಸ್. ಆದರೆ ಖಂಡಿಸಲೂ ಇಲ್ಲ, ಜನರ ಭಾವನೆ ಅದು ಅಂದುಬಿಟ್ಟರು. ಇಡೀ ದೇಶ ಲೇಬರ್ ಕಡೆ ವಾಲಿದ ಆ ವರ್ಷ, ಲೇಬರ್‌ನಲ್ಲಿ ವಿದೇಶಾಂಗ ಮಂತ್ರಿ ಆಗಲಿದ್ದ ಪ್ಯಾಟ್ರಿಕ್ ಗಾರ್ಡನ್ ವಾಕರ್ ಸ್ಮೆದಿಕ್‌ನಲ್ಲಿ ಸೋತರು.

ಮಾರ್ಷಲ್ ಸ್ಟ್ರೀಟ್ ಅಂತ ಅಲ್ಲೊಂದು ಬೀದಿ. ಖಾಲಿ ಆಗುವ ಮನೆಗಳನ್ನು ಊರಿನ ಆಡಳಿತ ನೋಡುವ ಕೌನ್ಸಿಲ್ಲೇ ಕೊಂಡು ಬಿಳಿಯರಿಗೆ ಮಾತ್ರ ಬಾಡಿಗೆಗೆ ಕೊಡಲಿ ಅಂತ ಅಲ್ಲಿನ ಬಿಳಿಯರು ಅರ್ಜಿ ಹಾಕಿದರು. ಕೌನ್ಸಿಲ್ ಒಪ್ಪಿತು ಕೂಡ! ಅದಕ್ಕೆ ಬೇಕಾದ ಸಾಲಕ್ಕೆ ಲಂಡನ್ನಿನ ಸರ್ಕಾರ ಒಪ್ಪಲಿಲ್ಲವಾದ್ದರಿಂದ ಯೋಜನೆ ನಿಂತಿತು. 1965ರ ಫೆಬ್ರವರಿ 12ರಂದು ಅಮೆರಿಕದಿಂದ ಬಂದಿದ್ದ ಕಪ್ಪು ಜನರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಬೀದಿಯಲ್ಲಿ ನಡೆದು ಹೋದರು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಅವತಾರ್ ಸಿಂಗ್ ಜೌಹಲ್, ಮಾಲ್ಕಮ್ ಎಕ್ಸ್‌ರನ್ನು ಬ್ಲೂ ಗೇಟ್ಸ್ ಎಂಬ ಪಬ್‌ಗೆ ಕರೆದುಕೊಂಡು ಹೋದರು. ಅಲ್ಲಿನ ಸ್ಮೋಕ್ ರೂಮ್ ಎಂಬ ಕೋಣೆ ಬಿಳಿಯರಿಗೆ ಮಾತ್ರ. ಅಲ್ಲಿ ಕೊಡುವುದಿಲ್ಲ, ಆಚೆ ಬಾರ್‌ಗೆ ಹೋಗಿ ಅಂದರು. ಒಂಬತ್ತು ದಿನಕ್ಕೆ ನ್ಯೂಯಾರ್ಕ್‌ನಲ್ಲಿ ಮಾಲ್ಕಮ್ ಎಕ್ಸ್ ಕೊಲೆಯಾದರು.

ಆಗಿನ ಬಿಳಿಯರ ದೂರು ಏನಿತ್ತು? ಇವರು ಒಂದೇ ಮನೆಯಲ್ಲಿ ಹತ್ತಾರು ಜನ ತುಂಬಿಕೊಳ್ಳುತ್ತಾರೆ, ಬೀದಿ ಗಲೀಜು ಮಾಡುತ್ತಾರೆ. ಜನ ತುಂಬಿದ್ದದ್ದು ಸುಳ್ಳಲ್ಲ. ಯಾಕೆ ತುಂಬಿದ್ದರು ಅಂತ ನೋಡಿದವರು ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ ಎಂಬ ಸಮಾಜಶಾಸ್ತ್ರಜ್ಞರು. ಅವರು ನೋಡಿದ್ದು ಪಕ್ಕದ ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್ ಬಡಾವಣೆ. ಕೌನ್ಸಿಲ್ ಮನೆ ಬೇಕಾದರೆ ಐದು ವರ್ಷ ಅದೇ ಊರಲ್ಲಿ ಇದ್ದಿರಬೇಕು. ಹೊಸಬರಿಗೆ ಅದು ಸಿಗದು. ಒಳ್ಳೆ ಮನೆ ಕೊಳ್ಳಲು ಸಾಲ ಸಿಗದು. ಹಾಗಾಗಿ ಯಾರಿಗೂ ಬೇಡವಾದ ದೊಡ್ಡ ಹಳೆ ಮನೆಯನ್ನು ಜಾಸ್ತಿ ಬಡ್ಡಿಗೆ ಕೊಂಡು, ಆ ಬಡ್ಡಿ ಕಟ್ಟಲು ಕೋಣೆಗೆ ಇಷ್ಟು ಅಂತ ಬಾಡಿಗೆಗೆ ಬಿಡುತ್ತಿದ್ದರು. ನಿಯಮ ಮಾಡಿದ್ದು ಕೌನ್ಸಿಲ್. ಕೆಟ್ಟ ಹೆಸರು ಬಂದದ್ದು ಆ ಮನೆಗಳಲ್ಲಿದ್ದವರ ಜನಾಂಗಕ್ಕೆ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇಲ್ಲಿದೆ.

1968ರ ಏಪ್ರಿಲ್ 20ರಂದು ವುಲ್ವರ್‌ಹ್ಯಾಂಪ್ಟನ್ನಿನ ಸಂಸದ ಈನಕ್ ಪೊವೆಲ್ ಮಾಡಿದ ಭಾಷಣ ಎಲ್ಲರಿಗೂ ಗೊತ್ತು. ನಮ್ಮ ಜನ ತಮ್ಮ ದೇಶದಲ್ಲೇ ಪರಕೀಯರಾಗಿದ್ದಾರೆ, ಮುಂದೆ ರಕ್ತ ಹರಿಯುತ್ತೆ ಎಂಬ ಧಾಟಿ. ಮರುದಿನವೇ ಕನ್ಸರ್ವೇಟಿವ್ ಪಕ್ಷದ ನಾಯಕ ಎಡ್ವರ್ಡ್ ಹೀತ್, ಪೊವೆಲ್‌ರನ್ನು ಹುದ್ದೆಯಿಂದ ತೆಗೆದರು. ಆದರೆ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ಪೊವೆಲ್ ಹೇಳಿದ್ದು ಸರಿ ಅಂದರು. ಲಂಡನ್ನಿನ ಬಂದರು ಕೂಲಿಗಳು ಅವರ ಪರ ಮೆರವಣಿಗೆ ಹೊರಟರು. ಇದೇ ಪೊವೆಲ್ 1960ರಿಂದ 63ರವರೆಗೆ ಆರೋಗ್ಯ ಮಂತ್ರಿ ಆಗಿದ್ದವರು. ಅವರ ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ಕೆರಿಬಿಯನ್ ನರ್ಸ್‌ಗಳು ಮತ್ತು ಭಾರತ, ಪಾಕಿಸ್ತಾನದ ಡಾಕ್ಟರ್‌ಗಳಿಂದ. ನಮ್ಮ ಕಡೆ ಎಂ.ಬಿ.ಬಿ.ಎಸ್. ಓದಿದವರೂ ಆ ದಶಕಗಳಲ್ಲಿ ಹೋಗಿ ಸೇರಿದರು. 1980ರ ದಶಕದಲ್ಲಿ ಕನ್ನಡ ಬಳಗ ಯು.ಕೆ. ಕಟ್ಟಿದವರಲ್ಲಿ ಡಾಕ್ಟರ್‌ಗಳು ಎದ್ದು ಕಾಣುವುದು ಅದಕ್ಕೇ. ಬಿಳಿ ಕೋಟು ಹಾಕಿದ ಭಾರತೀಯನಿಗೂ ಫೌಂಡ್ರಿಯ ಭಾರತೀಯನಿಗೂ ಸಿಕ್ಕ ಮರ್ಯಾದೆ ಒಂದೇ ಆಗಿರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದರ ಒಂದು ತುದಿ ಹಿಡಿದಿದ್ದರು. ಎರಡು ಗುಂಪು ಅಕ್ಕಪಕ್ಕ ಇದ್ದರಷ್ಟೇ ಸಾಲದು, ಸಮಾನ ಸ್ಥಾನದಲ್ಲಿ ನಿಂತು ಒಂದೇ ಕೆಲಸಕ್ಕೆ ಕೈ ಹಾಕಬೇಕು, ಮೇಲಿನವರೂ ಅದಕ್ಕೆ ಒತ್ತಾಸೆ ಕೊಡಬೇಕು, ಆಗ ಪೂರ್ವಗ್ರಹ ಇಳಿಯುತ್ತೆ ಅಂದರು. 2006ರಲ್ಲಿ ಪೆಟ್ಟಿಗ್ರೂ ಮತ್ತು ಟ್ರಾಪ್ ಎಂಬ ಸಂಶೋಧಕರು 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಹೆಚ್ಚುಕಮ್ಮಿ ಅದೇ ಕಂಡಿತು. ಆಲ್‌ಪೋರ್ಟ್ ಹೇಳಿದ್ದೆಲ್ಲ ಇರದಿದ್ದರೂ ಒಡನಾಟ ಸ್ವಲ್ಪ ಕೆಲಸ ಮಾಡುತ್ತೆ, ಇದ್ದರೆ ಜಾಸ್ತಿ ಮಾಡುತ್ತೆ. ಸಾಲಿನಲ್ಲಿ ನಿಂತು ಬೀರ್‌ಗೆ ಕಾಯುವವರನ್ನು ಬೇರೆ ಬೇರೆ ಕೋಣೆಗೆ ಕಳಿಸಿದರೆ ಒಡನಾಟ ಎಲ್ಲಿಂದ ಬರಬೇಕು? 1965 ಮತ್ತು 1968ರ ಕಾನೂನುಗಳು ಪಬ್, ಬಾಡಿಗೆ ಮನೆ, ಕೆಲಸ ಎಲ್ಲದರಲ್ಲೂ ಬಣ್ಣ ನೋಡಿ ಬೇಡ ಅನ್ನುವುದನ್ನು ತಡೆದವು. ಮನಸ್ಸು ಬದಲಾಯಿಸಲು ಕಾನೂನಿಗೆ ಆಗಲ್ಲ ಅಂತ ಆಗಲೂ ಹೇಳುತ್ತಿದ್ದರು. ಬಾಗಿಲು ತೆಗೆಸಲಂತೂ ಆಯಿತು.

ಲೆಸ್ಟರ್ ಊರಿನದು ಇನ್ನೊಂದು ಬಗೆ. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನದಲ್ಲಿ ಜಾಗ ಖಾಲಿ ಮಾಡಿ ಅಂದಾಗ, ಲೆಸ್ಟರ್ ಕೌನ್ಸಿಲ್ ಉಗಾಂಡಾದ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿತು: ನಮ್ಮ ಊರಿಗೆ ಬರಬೇಡಿ. ಆ ಜಾಹೀರಾತು ನೋಡಿಯೇ ಲೆಸ್ಟರ್ ಎಂಬ ಊರಿದೆ ಅಂತ ಗೊತ್ತಾಯಿತು ಅಂತ ಆಮೇಲೆ ನಗುತ್ತಾ ಹೇಳಿಕೊಂಡವರಿದ್ದಾರೆ. ಬಂದವರಲ್ಲಿ ಹೆಚ್ಚಿನವರು ಗುಜರಾತಿ ವ್ಯಾಪಾರಸ್ಥರು. ಮುಚ್ಚಿದ್ದ ಅಂಗಡಿಗಳು ತೆರೆದವು. ಕೆಲವು ದಶಕ ಕಳೆಯುವ ಹೊತ್ತಿಗೆ ಬೆಲ್‌ಗ್ರೇವ್ ರೋಡಿನ ದೀಪಾವಳಿಯನ್ನು ಅದೇ ಕೌನ್ಸಿಲ್ ಹೆಮ್ಮೆಯಿಂದ ತೋರಿಸಿಕೊಳ್ಳುತ್ತಿತ್ತು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. 2022ರಲ್ಲಿ ಅಲ್ಲೇ ಹಿಂದೂ ಮುಸ್ಲಿಂ ಯುವಕರ ನಡುವೆ ಗಲಾಟೆ ಆಯಿತು.

ಈಗ ಬೋಸ್ಟನ್ನಿಗೆ ಬರೋಣ. 2004ರಲ್ಲಿ ಪೋಲೆಂಡ್ ಮುಂತಾದ ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು. ವರ್ಷಕ್ಕೆ ಹೆಚ್ಚೆಂದರೆ 13,000 ಜನ ಬರಬಹುದು ಎಂಬ ಲೆಕ್ಕ ಸರ್ಕಾರದ ಮುಂದಿತ್ತು. 2011ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರೇ 5,79,000. ಬೋಸ್ಟನ್ ಸುತ್ತ ಕೋಸು, ಆಲೂಗಡ್ಡೆ ಬೆಳೆಯುವ ಹೊಲ, ಅದನ್ನು ಪ್ಯಾಕ್ ಮಾಡುವ ಶೆಡ್. ಹೊರದೇಶದಲ್ಲಿ ಹುಟ್ಟಿದವರ ಸಂಖ್ಯೆ ಅಲ್ಲಿ ಹತ್ತು ವರ್ಷದಲ್ಲಿ ಐದು ಪಟ್ಟಿಗೂ ಮೇಲಾಯಿತು. ಅಷ್ಟು ಬೇಗ ಡಾಕ್ಟರ್, ಸ್ಕೂಲು, ಬಾಡಿಗೆ ಮನೆ ಹೆಚ್ಚಲಿಲ್ಲ. ಲಂಡನ್ನಿಗೆ ಹೊರಗಿನವರು ತಲೆಮಾರುಗಳಿಂದ ಬರುತ್ತಿದ್ದಾರೆ, ಅದು ರೂಢಿಯಾಗಿದೆ. ಇನ್ನೂ ಒಂದು ಇದೆ: ಲಂಡನ್ ಇಷ್ಟವಾಗದವರು ಊರು ಬಿಟ್ಟು ಹೋಗಿಯೂ ಇರುತ್ತಾರೆ, ಉಳಿದವರಲ್ಲಿ ಚಿಕ್ಕ ವಯಸ್ಸಿನವರು, ಡಿಗ್ರಿ ಓದಿದವರು ಜಾಸ್ತಿ. ಹಾಗಾಗಿ ಇದನ್ನೆಲ್ಲ ಬರೀ ಒಡನಾಟದ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ.

ಜನರ ಅಂದಾಜೂ ಹೀಗೇ. 2014ರಲ್ಲಿ ಇಪ್ಸಾಸ್ ಸಂಸ್ಥೆ ಕೇಳಿದಾಗ ದೇಶದಲ್ಲಿ ನೂರಕ್ಕೆ 24 ಮಂದಿ ವಲಸಿಗರು ಅಂದರು ಬ್ರಿಟನ್ನಿನವರು. ನಿಜಕ್ಕೂ ಇದ್ದದ್ದು 13. ಇದರ ಜೊತೆಗೇ ಇನ್ನೊಂದು ಅಂಕಿ. ಬೇರೆ ಜನಾಂಗದವರನ್ನು ನಮ್ಮ ಮಕ್ಕಳು ಮದುವೆಯಾದರೆ ಸಂತೋಷವೇ ಅಂದವರು 2009ರಲ್ಲಿ ನೂರಕ್ಕೆ 75, 2020ರಲ್ಲಿ 89. ಅಂದರೆ ಬಣ್ಣದ ಮೇಲಿನ ದ್ವೇಷ ಇಳಿಯುತ್ತಲೇ ಬಂದಿದೆ, ವಲಸೆಯ ಮೇಲಿನ ಸಿಟ್ಟು ಮಾತ್ರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಏರಿಸುವುದು ಎಷ್ಟು ಸುಲಭ ಅಂತ 2024ರಲ್ಲಿ ಕಂಡಿತು. ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ನಿರಾಶ್ರಿತ ಅಂತ ಫೋನುಗಳಲ್ಲಿ ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ನಿಜ ಹೊರಗೆ ಬರುವಷ್ಟರಲ್ಲಿ ಗಲಭೆ ಶುರುವಾಗಿತ್ತು. ರಾದರ್‌ಹ್ಯಾಮ್ ಹತ್ತಿರ ನಿರಾಶ್ರಿತರಿದ್ದ ಹೋಟೆಲ್ಲಿಗೆ ಬೆಂಕಿ ಇಡಲು ನೋಡಿದರು. ಅದೇ ಜುಲೈ ಮೊದಲ ವಾರ ನಡೆದಿದ್ದ ಚುನಾವಣೆಯಲ್ಲಿ ಸ್ಮೆದಿಕ್ ಗೆಲ್ಲಿಸಿ ಕಳಿಸಿದ್ದು ಗುರಿಂದರ್ ಸಿಂಗ್ ಜೋಸನ್ ಅವರನ್ನು.

2025ರ ಮೇ 12ರಂದು ಲೇಬರ್ ಪ್ರಧಾನಿ ಕೀರ್ ಸ್ಟಾರ್ಮರ್, ನಾವು ಅಪರಿಚಿತರ ದ್ವೀಪ ಆಗಿಬಿಡುವ ಅಪಾಯ ಇದೆ ಅಂದರು. ಕೇಳಿದವರಿಗೆ ತಕ್ಷಣ ನೆನಪಾಗಿದ್ದು ಪೊವೆಲ್. ಹತ್ತು ದಿನದ ಮೇಲೆ ಅಂಕಿಅಂಶ ಬಂತು, ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ) ಒಂದೇ ವರ್ಷದಲ್ಲಿ ಅರ್ಧದಷ್ಟು ಇಳಿದು 4,31,000 ಆಗಿದೆ ಅಂತ. ಜೂನ್ ಕೊನೆಯಲ್ಲಿ ಸ್ಟಾರ್ಮರ್, ಆ ಮಾತು ಆಡಬಾರದಿತ್ತು ಅಂತ ವಿಷಾದಿಸಿದರು. ಆದರೆ ಮೇ 12ರಂದೇ ಪ್ರಕಟಿಸಿದ್ದ ನೀತಿಯಲ್ಲಿ, ಕಾಯಂ ನೆಲೆಸುವ ಹಕ್ಕಿಗೆ ಐದರ ಬದಲು ಹತ್ತು ವರ್ಷ ಕಾಯಬೇಕು ಎಂಬ ಪ್ರಸ್ತಾವ ಇತ್ತು. ಅದನ್ನು ಅವರು ಹಿಂದೆ ತೆಗೆದುಕೊಳ್ಳಲಿಲ್ಲ.